ನಿಂತ ಶರಣನನ್ನು ಅಜ್ಜನವರು ಮಲಗಿಸಿದ್ದು

ಜಾಲೀಕೊಳ್ಳದಲ್ಲಿ ಪೂಜ್ಯ ಶ್ರೀ ನಿಂಬಯ್ಯಜ್ಜನವರು ವಾಸವಾಗಿದ್ದ ಸ್ಥಳಕ್ಕೆ ಮಠವೆಂದು ಹೆಸರಿಟ್ಟವರು ಭಕ್ತರು. ಅಜ್ಜನವರು ಮಾತ್ರ ಅದನ್ನು ‘ನಮ್ಮ ಛಪ್ಪರ’ ಎಂದೇ ಕರೆಯುತ್ತಿದ್ದರು. ಕೆಂಪುಗಲ್ಲಿನ ಎರಡು ಖೋಲಿ, ಮುಂದೆ ತಗಡಿನ ಮಾಡು, ಹಿತ್ತಲಲ್ಲಿ ಒಂದು ನೀರಿನ ಹಂಡೆ. ಗದ್ದುಗೆ ಇಲ್ಲ, ಪಲ್ಲಕ್ಕಿ ಇಲ್ಲ. ಪಾದಪೂಜೆಯ ಮಾತೆತ್ತಿದರೆ ಅಜ್ಜನವರು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಬೆಳಗಿನಿಂದ ಗೋಡೆಗೊರಗಿ ಕುಳಿತು ಮುತ್ತಲ ಎಲೆಗಳನ್ನು ಕಡ್ಡಿ ಚುಚ್ಚಿ ಪತ್ರೋಳಿ ಹಚ್ಚುವುದೇ ಅವರ ಕಾಯಕ. ಅಮಾವಾಸ್ಯೆಯ ಮಧ್ಯಾಹ್ನ ಬಂದವರೆಲ್ಲ ಅದೇ ಎಲೆಯ ಮೇಲೆ ರೊಟ್ಟಿ, ಪಲ್ಯ, ನುಚ್ಚು ಉಣ್ಣುತ್ತಿದ್ದರು. ಪಂಕ್ತಿಯ ಒಂದು ತುದಿಯಲ್ಲಿ ಅಜ್ಜನವರೂ ಕುಳಿತು ಉಣ್ಣುತ್ತಿದ್ದರು. ನೊಂದು ಬಂದವರ ಹಣೆಗೆ ಒಂದು ಚಿಟಿಕೆ ವಿಭೂತಿ ಹಚ್ಚಿ, ಒಂದು ಪೊಟ್ಟಣ ಕಟ್ಟಿಕೊಡುವರು. ಮಾತು ಬಹಳ ಕಡಿಮೆ.

ಆ ಮಹಾನುಭಾವರ ಮೇಲೆ ಜಗಳ ತೆಗೆಯಬೇಕೆಂದೇ ಒಂದು ಅಮಾವಾಸ್ಯೆಯ ದಿನ ನೇಕಾರರ ಓಣಿಯ ಶಾವಂತ್ರವ್ವ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇತ್ತು. ಅವಳ ಗಂಡ ಅಡಿವೆಪ್ಪ ಮಾತ್ರ ಕಂಬಿ ಹಿಡಿದು, ತಗ್ಗುದಿಣ್ಣೆ ಬಂದಾಗಲೆಲ್ಲ ತುಟಿ ಕಚ್ಚಿ, ಕಣ್ಣು ಮುಚ್ಚಿ ನಿಂತಿದ್ದ.

“ಸೀಟ್ ಐತಲ್ರೀ ಯಜಮಾನ್ರ, ಕುಂದರ್ರಿ” ಎಂದ ಕಂಡಕ್ಟರು.

ಅಡಿವೆಪ್ಪ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಕಾಳಿನ ವ್ಯಾಪಾರಿ ಹೊಳಿಯಪ್ಪ ಎದ್ದ. “ಅವರನ್ನ ಕೂಡ್ರು ಅನಬ್ಯಾಡಪ್ಪಾ, ಪಾಪ ಬರತೈತಿ. ಅವರದು ನಿಂತ ವ್ರತ. ಮೂರು ವರ್ಷಾತು, ಪಂಕ್ತ್ಯಾಗೂ ಕೂಡೂದಿಲ್ಲ, ಬಸ್ಸಿನ್ಯಾಗೂ ಕೂಡೂದಿಲ್ಲ. ನಿಂತ ಶರಣರು ಅವರು” ಎಂದು ಹೇಳಿ, ಓಡುವ ಬಸ್ಸಿನಲ್ಲೇ ಬಗ್ಗಿ ಅಡಿವೆಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅದನ್ನು ನೋಡಿ ಇನ್ನಿಬ್ಬರು ಮುಟ್ಟಿದರು. ಕಂಡಕ್ಟರೂ ಟಿಕೆಟಿನ ಚೀಲವನ್ನು ಬೆನ್ನಿಗೆ ಸರಿಸಿ ಮುಟ್ಟಿದ.

ಶಾವಂತ್ರವ್ವ ಮುಖವನ್ನು ಕಿಡಕಿಯ ಕಡೆಗೆ ತಿರುಗಿಸಿದಳು. ಶರಣರಂತೆ! ಈ ಶರಣರ ಧೋತರವನ್ನು ದಿನಕ್ಕೆ ಎರಡು ಸಲ ಬಿಸಿನೀರಿನಲ್ಲಿ ನೆನೆಹಾಕಿ ತಿಕ್ಕುವವಳು ತಾನು. ಬಂದು ಮುಟ್ಟಲಿ ನೋಡೋಣ ಆ ಧೋತರವನ್ನು!

ಸಂಗತಿ ಆರಂಭವಾದದ್ದು ಒಂದು ತುರಿಕೆಯಿಂದ. ಅಡಿವೆಪ್ಪ ಗುಂಡಿಮಗ್ಗದಲ್ಲಿ ಕುಪ್ಪಸದ ಖಣ ನೇಯುವವ. ಕಾಲನ್ನು ಗುಂಡಿಗೆ ಇಳಿಬಿಟ್ಟು, ಹಲಗೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತೇ ಇರಬೇಕು. ಕುಳಿತಲ್ಲಿ ತುರಿಸಿದರೆ ಬೆವರೆಂದ. ಕೆಂಪಾದರೆ ಹುಳುಕಡ್ಡಿಯೆಂದು ಔಷಧದ ಅಂಗಡಿಯ ಮುಲಾಮು ತಂದ. ಒಂದು ವರ್ಷ ಮುಲಾಮು. ಆಮೇಲೆ ರಕ್ತ ಕಂಡಿತು. ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಹಾಕಿಕೊಂಡಿದ್ದ ಪಂಡಿತನೊಬ್ಬ ನೋಡದೆಯೇ ಮೂಲವ್ಯಾಧಿಯೆಂದ. ಇನ್ನೊಂದು ವರ್ಷ ಅವನ ಪುಡಿ. ಅಷ್ಟರಲ್ಲಿ ಕೂಡಲು ಬಾರದಂತಾಯಿತು. ಮಗ್ಗದಲ್ಲಿ ಮಂಡಿಯೂರಿ ನೇಯ್ದ, ಒಂದು ತೊಡೆಯ ಮೇಲೆ ಭಾರ ಹಾಕಿ ನೇಯ್ದ. ಒಂದು ಅಮಾವಾಸ್ಯೆಯಂದು ಜಾಲೀಕೊಳ್ಳದ ಪಂಕ್ತಿಯಲ್ಲಿ ಕೂಡಲಾರದೆ ಎಲೆಯನ್ನು ಕೈಯಲ್ಲಿ ಹಿಡಿದು ಕಂಬದ ಮರೆಯಲ್ಲಿ ನಿಂತು ಉಂಡ. ಇದೇ ಹೊಳಿಯಪ್ಪ ನೋಡಿ, “ಏನ್ರಿ ಅಡಿವೆಪ್ಪಣ್ಣಾ, ವ್ರತೇನ್ರಿ?” ಎಂದು ಕೇಳಿದ. ಅಡಿವೆಪ್ಪ “ಹೂಂ” ಎಂದ.

ಒಂದೇ ಒಂದು ಹೂಂ. ಅದರ ಮೇಲೆ ಊರು ಗುಡಿ ಕಟ್ಟಿತು. ಹೊಟ್ಟೆಗೆ ಹೋದದ್ದು ಹೊರಬರುವಾಗಿನ ನೋವಿಗೆ ಹೆದರಿ ಅವನು ಹಿಡಿಯನ್ನ ಉಂಡರೆ ಜನ ಅದನ್ನು ‘ಮಿತಾಹಾರ’ ಎಂದರು. ಸೊರಗಿದರೆ ‘ತಪಸ್ಸು’ ಎಂದರು. ಅವನಾದರೂ ಏನು ಮಾಡಿದ? ಅಜ್ಜನವರು ಕೊಟ್ಟ ವಿಭೂತಿಯನ್ನು ತುಪ್ಪದಲ್ಲಿ ಅರೆದು, ಹಿತ್ತಲ ಬಾಗಿಲು ಹಾಕಿಕೊಂಡು ಅಲ್ಲಿಗೆ ಹಚ್ಚತೊಡಗಿದ. ಭಕ್ತಿಯಲ್ಲಿ ಅವನಿಗೆ ಕೊರತೆ ಇರಲಿಲ್ಲ. ಆದರೆ ತೋರಿಸಬೇಕಾದಲ್ಲಿ ತೋರಿಸದೆ ಮುಚ್ಚಿಟ್ಟದ್ದಕ್ಕೆ ಭಕ್ತಿಯನ್ನೇ ಹೊದಿಕೆ ಮಾಡಿಕೊಂಡಿದ್ದ.

ತಿಂಗಳ ಹಿಂದೆ ಶಾವಂತ್ರವ್ವ ಮಗ್ಗದ ಹಗ್ಗ ಬಿಚ್ಚಿಟ್ಟು, “ದವಾಖಾನಿಗೆ ಬಂದ್ರ ಕಟ್ತೀನಿ, ಇಲ್ಲಂದ್ರ ಒಲಿಗೆ ಹಾಕ್ತೀನಿ” ಎಂದು ಹಟ ಹಿಡಿದು ಅವನನ್ನು ಜಿಲ್ಲೆಯ ದೊಡ್ಡ ದವಾಖಾನೆಗೆ ಎಳೆದೊಯ್ದಳು. ಡಾಕ್ಟರಮ್ಮ ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನಕ್ಕೆ ಉತ್ತರ ಬಂತು. ಗುದದ ಒಳಗೆ ಕ್ಯಾನ್ಸರಿನ ಗಂಟು. ಹುಳುಕಡ್ಡಿ ಎಂದು ವರ್ಷವಿಡೀ ಮುಲಾಮು ಸವರಿದ್ದು ಹುಳುಕಡ್ಡಿಯಲ್ಲ, ಅದೇ ಗಂಟಿನ ರೋಗ ಸುತ್ತಲ ಚರ್ಮಕ್ಕೆ ಹಬ್ಬಿದ್ದು.

“ಮೊದಲು ಕರೆಂಟ್, ಅಂದ್ರೆ ರೇಡಿಯೇಷನ್ ಕೊಡ್ತೀವಿ, ಔಷಧ ಕೊಡ್ತೀವಿ. ಆಮೇಲೆ ಆಪರೇಷನ್. ಗುದದ ಭಾಗ, ಸುತ್ತಲಿನ ಚರ್ಮ ಎರಡನ್ನೂ ತೆಗೀಬೇಕು. ಮಲ ಹೋಗೋಕೆ ಹೊಟ್ಟೆ ಮೇಲೆ ದಾರಿ ಮಾಡಿ ಚೀಲ ಹಾಕ್ತೀವಿ” ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. “ಲಿವರಿಗೆ ಇನ್ನೂ ಹೋಗಿಲ್ಲ. ತಡ ಮಾಡಿದ್ರೆ ನಾನೇನೂ ಹೇಳೋಕಾಗಲ್ಲ.”

ಅಡಿವೆಪ್ಪ ಎಲ್ಲಕ್ಕೂ ತಲೆಯಾಡಿಸಿ, ಮನೆಗೆ ಬಂದು, ಆಗದು ಎಂದುಬಿಟ್ಟ.

“ಮಲದ ಚೀಲ ಹೊಟ್ಟಿ ಮ್ಯಾಲೆ ಕಟಗೊಂಡು ಎದಿ ಮ್ಯಾಲೆ ಲಿಂಗ ಹ್ಯಾಂಗ ಕಟ್ಟಲೇ? ಲಿಂಗ ಬಿಟ್ಟು ಬದುಕೂದಕ್ಕಿಂತ ಲಿಂಗ ಕಟಗೊಂಡು ಸಾಯೂದ ಪಾಡು.”

“ಸಾಯ್ರಿ! ಸತ್ತ ಮ್ಯಾಲೆ ನಮ್ಮ ಮಂದಿ ಕೂಡಿಸೇ ಮಣ್ಣು ಮಾಡ್ತಾರ. ಆಗರ ಕೂಡ್ತೀರಲ್ಲ, ಅದ ಸಮಾಧಾನ!” ಎಂದು ಅವಳು ನೂಲಿನ ಕಂಡಿಕೆ ಸುತ್ತುವ ರಾಟಿಯನ್ನೇ ದೂಡಿ ಎದ್ದಿದ್ದಳು.

ಬೈದಳು, ಅತ್ತಳು, ಎರಡು ದಿನ ಒಲೆ ಹಚ್ಚಲಿಲ್ಲ. ಯಾವುದಕ್ಕೂ ಅವನದು ಒಂದೇ ಉತ್ತರ: “ಅಜ್ಜಾರ ವಿಭೂತಿ ಐತಿ.” ಕಡೆಗೆ ಅವಳ ಸಿಟ್ಟು ಗಂಡನನ್ನು ದಾಟಿ ಅಜ್ಜನವರ ಮೇಲೆಯೇ ಹೋಯಿತು. ಅಜ್ಞಾನದಿಂದ ಹೋಯಿತೆಂದು ನಾವು ಹೇಳಬಹುದು. ಆದರೆ ಆ ತಾಯಿಗೆ ಬೇರೆ ಯಾವ ಬಾಗಿಲು ಉಳಿದಿತ್ತು?

ಜಾಲೀಕೊಳ್ಳದಲ್ಲಿ ಬಸ್ಸಿಳಿದು ನಡೆಯುವಾಗ ನಿಂತ ಶರಣರ ಹಿಂದೆ ಏಳೆಂಟು ಜನ ಕೂಡಿಕೊಂಡರು. ಅಜ್ಜನವರು ಎಂದಿನಂತೆ ಎಲೆಗಳ ರಾಶಿಯ ನಡುವೆ ಕುಳಿತಿದ್ದರು. ಜನರೆಲ್ಲ ಅಡ್ಡಬಿದ್ದರು. ಶಾವಂತ್ರವ್ವ ಬೀಳಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮನೆಯಲ್ಲಿದ್ದ ವಿಭೂತಿಯ ಪೊಟ್ಟಣಗಳನ್ನೆಲ್ಲ, ತುಪ್ಪದಲ್ಲಿ ಅರೆದಿಟ್ಟ ಭರಣಿಯ ಸಮೇತ, ಅಜ್ಜನವರ ಮುಂದಿನ ಹಸಿರೆಲೆಗಳ ಮೇಲೆ ಸುರಿದಳು.

“ತಗೋರಿ ಅಜ್ಜಾರ. ನಿಮ್ಮ ಬೂದಿ ನಿಮಗಿರಲಿ. ನನ್ನ ಗಂಡನ್ನ ನನಗ ತಿರುಗಿ ಕೊಡ್ರಿ.”

ಹೊಳಿಯಪ್ಪ “ಶಿವ ಶಿವಾ!” ಎಂದು ಕಿವಿ ಮುಚ್ಚಿಕೊಂಡ. ಅಜ್ಜನವರು ಭರಣಿಯನ್ನೆತ್ತಿ ಮುಚ್ಚಳ ತೆಗೆದು ಮೂಸಿ ನೋಡಿದರು.

“ತುಪ್ಪದಾಗ ಯಾಕ ಅರದಿರಿ? ಎಲ್ಲಿ ಹಚ್ಚೀರಿ ಇದನ್ನ?”

“ಅದನ್ನ ನಿಮ್ಮ ನಿಂತ ಶರಣರನ್ನ ಕೇಳ್ರಿ!”

ಅಜ್ಜನವರು ಅಡಿವೆಪ್ಪನ ಕಡೆಗೆ ನೋಡಿದರು. ಅಡಿವೆಪ್ಪ ಮಾಡಿನ ತಗಡಿನ ಕಡೆಗೆ ನೋಡಿದ. ಅಜ್ಜನವರು ಮಂಡಿ ಹಿಡಿದುಕೊಂಡು ಎದ್ದರು. “ಒಳಗ ನಡಿ. ಯವ್ವಾ, ನೀನೂ ಬಾ.”

ಒಳಗಿನ ಖೋಲಿಯಲ್ಲಿ ಕಿಡಕಿಯ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಅಜ್ಜನವರು ಬಾಗಿಲು ಮುಂದಕ್ಕೆಳೆದು, “ಮಲಗು. ತೋರ್ಸು” ಎಂದರು.

ಅಡಿವೆಪ್ಪ ಧೋತರವನ್ನು ಬಿಗಿಹಿಡಿದ. “ಬ್ಯಾಡ್ರಿ ಅಜ್ಜಾರ! ತಮ್ಮ ದೃಷ್ಟಿ ಬೀಳೂ ಜಾಗ ಅಲ್ರಿ ಅದು.”

“ನನ್ನ ಬೂದಿ ಅಲ್ಲಿಗೆ ಹೋಗೇತಿ. ನನ್ನ ದೃಷ್ಟಿ ಹೋಗಬಾರದೇನು?”

ಅಡಿವೆಪ್ಪ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ. ಅಜ್ಜನವರು ಧೋತರವನ್ನು ಸರಿಸಿದರು.

ಶಾವಂತ್ರವ್ವ ಬಾಗಿಲಿಗೆ ಆತು ನಿಂತಿದ್ದಳು. ಕಲೆಯಾದ ಬಟ್ಟೆ ಒಗೆದಿದ್ದಳೇ ಹೊರತು ಇಷ್ಟು ವರ್ಷದಲ್ಲಿ ಇದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅಂಗೈಯಗಲಕ್ಕೂ ಮೀರಿ ಚರ್ಮ ಕೆಂಪಗೆ ಹಸಿಹಸಿಯಾಗಿ ಸುಲಿದಿತ್ತು. ಅಂಚು ಏರಿಳಿದು ತೊಡೆಯ ಕಡೆಗೆ ಹರಿದಿತ್ತು. ಅದರ ಮೇಲೆ ಗಟ್ಟಿಯಾದ ಬೂದಿ ತುಪ್ಪದ ಪದರ. ಒಂದು ದಿನ “ನಾರತೈತಿ, ಆಚೀಕಡೆ ಮಲಗ್ರಿ” ಎಂದು ತಾನು ಅಂದದ್ದು ಅವಳಿಗೆ ನೆನಪಾಯಿತು. ಅಂದಿನಿಂದ ಆ ಮನುಷ್ಯ ಮಗ್ಗದ ಖೋಲಿಯಲ್ಲೇ ಬೋರಲು ಮಲಗುತ್ತಿದ್ದ, ಏನೂ ಅನ್ನದೆ.

ಅಜ್ಜನವರ ಮುಖದಲ್ಲಿ ಅಸಹ್ಯ ಕಾಣುವುದೇ ಎಂದು ಅವಳು ನೋಡಿದಳು. ಅಸಹ್ಯವಿರಲಿಲ್ಲ. ಕೆಲಸ ಕೆಡಿಸಿಟ್ಟ ಮಗನನ್ನು ನೋಡುವ ತಂದೆಯ ದಣಿವು, ಬೇಸರ ಅಲ್ಲಿತ್ತು.

“ಹಂಡೇದಾಗಿಂದು ಬೆಚ್ಚನ ನೀರು ತಾ ಯವ್ವಾ. ಮೆತ್ತನ ಅರಿವಿ ಒಂದು.”

ಅವಳು ತಂದಳು. ಅಜ್ಜನವರು ಅರಿವೆಯನ್ನು ನೀರಿನಲ್ಲದ್ದಿ ಹಿಂಡಿ, ಒತ್ತಿ ಒತ್ತಿ ಆ ಪದರವನ್ನು ಬಿಡಿಸತೊಡಗಿದರು. ಅಡಿವೆಪ್ಪ “ಅಯ್ಯಯ್ಯ, ತಾವು ಮುಟ್ಟಬಾರದ್ರಿ, ನನ್ನ ನರಕಕ್ಕ ನೂಕಬ್ಯಾಡ್ರಿ” ಎಂದು ಅತ್ತ.

“ಸುಮ್ನಿರು. ನನ್ನ ಬೂದಿ, ನಾ ತೊಳೀತೀನಿ.”

ಬಹಳ ಹೊತ್ತು ಹಿಡಿಯಿತು. ನೀರು ಎರಡು ಸಲ ಬದಲಾಯಿತು. ಪೂಜ್ಯರ ಆ ಕೈಗಳು ಎಷ್ಟೋ ಜನರ ತಲೆ ಮುಟ್ಟಿ ಹರಸಿದ್ದವು. ಆದರೆ ಅಂದು ಅವು ಮಾಡಿದ್ದು ಅದಕ್ಕಿಂತ ದೊಡ್ಡ ಆಶೀರ್ವಾದವೆಂದೇ ಈ ದೀನ ಲೇಖಕನ ನಂಬುಗೆ. ತೊಳೆದು ಮುಗಿಸಿ, ಒಣ ಅರಿವೆ ಹೊದಿಸಿ, ಅಜ್ಜನವರು ಕೇಳಿದರು: “ಡಾಕ್ಟರು ಏನಂದ್ರು?”

ಶಾವಂತ್ರವ್ವ ಒಂದೂ ಬಿಡದೆ ಹೇಳಿದಳು. ಚೀಲದ ಮಾತು ಬಂದಾಗ ಅಡಿವೆಪ್ಪ ಗೋಡೆಗೆ ಮುಖ ಒತ್ತಿಕೊಂಡೇ ನುಡಿದ: “ಮ್ಯಾಲೆ ಲಿಂಗ, ಕೆಳಗ ಆ ಚೀಲ. ನಡುವ ಒಂದು ಗೇಣಿನ ಅಂತರಾನೂ ಇಲ್ರಿ ಅಜ್ಜಾರ.”

“ಈಗ ಎಷ್ಟು ಗೇಣು ಐತಿ?”

ಅಡಿವೆಪ್ಪನ ಕೈ ಎದೆಯ ಮೇಲಿನ ಲಿಂಗದ ಕಡೆಗೆ ಹೋಯಿತು.

“ಅದನ್ನ ಹೊಟ್ಟ್ಯಾಗ ಹೊತಗೊಂಡೇ ಐವತ್ತು ವರ್ಷ ಪೂಜಿ ಮಾಡಿದಿ. ಲಿಂಗ ಒಂದು ದಿನರ ಮೂಗು ಮುಚಗೊಂಡಿತ್ತೇನು?”

ಅಜ್ಜನವರು ಹಸಿ ಅರಿವೆಯನ್ನು ಹಿಂಡಿ ಪಕ್ಕಕ್ಕಿಟ್ಟರು.

“ಲಿಂಗ ಕಟ್ಟಿದವರಿಗೆ ಹುಟ್ಟಿನ ಸೂತಕ ಇಲ್ಲ, ಸಾವಿನ ಸೂತಕ ಇಲ್ಲ, ಮುಟ್ಟಿನ ಸೂತಕ ಇಲ್ಲ ಅಂತೀವಿ. ನೀ ಯಾವಂವಪ್ಪಾ, ಚೀಲಕ್ಕೊಂದು ಹೊಸಾ ಸೂತಕ ಹುಟ್ಟಿಸಾಂವ?” ಅಜ್ಜನವರ ದನಿ ಏರಿತು. ಅವರ ದನಿ ಏರಿದ್ದನ್ನು ಕೇಳಿದವರು ಜಾಲೀಕೊಳ್ಳದಲ್ಲಿಯೇ ವಿರಳ. “ಹಣೀಗೆ ಹಚ್ಚಾಕ ಕೊಟ್ಟ ಬೂದಿ ಒಯ್ದು ನನ್ನ ಹೆಸರಿನ್ಯಾಗ ಮೂರು ವರ್ಷ ರೋಗ ಬೆಳಸಿದಿ. ಇನ್ನೊಂದು ದಿನ ತಡ ಮಾಡಿದ್ರ ಅದು ನನ್ನ ತಲೀ ಮ್ಯಾಲೆ ಬರತೈತಿ. ಅದನ್ನ ನಾ ಎಲ್ಲಿ ತೊಳಕೊಳ್ಳಲಿ?”

ಅಡಿವೆಪ್ಪ ತಿರುಗಿ ಅವರ ಪಾದದ ಮೇಲೆ ಹಣೆ ಇಟ್ಟ. ಇಟ್ಟ ಹಣೆ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಜ್ಜನವರೇ ಅವನ ತೋಳು ಹಿಡಿದೆತ್ತಿದರು. “ಏಳು. ಹೊರಗ ಮಂದಿ ಅದಾರ. ನಿನ್ನ ಪಾದ ಮುಟ್ಟಿದವರಿಗೆ ನೀನ ಹೇಳಬೇಕು.”

ಹೊರಗೆ ಪಂಕ್ತಿ ಕುಳಿತಿತ್ತು. ಅಜ್ಜನವರು ಬರಲೆಂದು ಯಾರೂ ತುತ್ತು ಎತ್ತಿರಲಿಲ್ಲ. ಅಡಿವೆಪ್ಪ ಕಂಬ ಹಿಡಿದು ನಿಂತ. ಜನ ಕೈಮುಗಿದರು, ನಿಂತ ಶರಣರು ಏನೋ ಉಪದೇಶಿಸುವರೆಂದು.

“ಕೈ ಇಳಸ್ರಿ” ಎಂದ ಅವನು. “ನಂದು ವ್ರತ ಅಲ್ಲ. ನನಗ ಕೂಡಾಕ ಬರೂದಿಲ್ಲ. ಗುದದಾಗ ಕ್ಯಾನ್ಸರ್ ಆಗೇತಿ, ಸುತ್ತ ತೊಗಲಿಗೂ ಹಬ್ಬೇತಿ. ನಾಚಿಕಿ ಆಗಿ ನಿಮಗೆಲ್ಲಾ ಸುಳ್ಳು ಹೇಳಿದ್ನಿ. ಕೂಡೂದಿಲ್ಲ ಅಂತಲ್ರೆಪಾ, ಕೂಡಾಕ ಬರೂದಿಲ್ಲ.”

ಮುಗಿದ ಕೈಗಳು ಒಂದೊಂದಾಗಿ ಇಳಿದವು. ಅಜ್ಜನವರು ತಾವೇ ಪಂಕ್ತಿಯ ತುದಿಗೆ ಒಂದು ಚಾಪೆ ಹಾಸಿದರು. “ಕೂಡಾಕ ಬರದಿದ್ರ ಮಲಗಿ ಉಣ್ಣು.”

“ಮಲಗಿ ಪ್ರಸಾದ ತಗೋಬಾರದಲ್ರೀ...” ಎಂದು ಯಾರೋ ಮೆಲ್ಲಗೆ ಅಂದರು. ಅಜ್ಜನವರು ಅತ್ತ ನೋಡಲೂ ಇಲ್ಲ. ಅಡಿವೆಪ್ಪ ಎಡಮಗ್ಗುಲಾಗಿ ಮಲಗಿದ ಮೇಲೆ, ಅವನಿಗೆ ಎದುರಾಗಿ ನೆಲದ ಮೇಲೆಯೇ ತಾವೂ ಮಗ್ಗುಲಾಗಿ, ಒಂದು ಕೈ ತಲೆಗೆ ಆನಿಸಿ, ಇನ್ನೊಂದು ಕೈಯಿಂದ ರೊಟ್ಟಿ ಮುರಿದು ಬಾಯಿಗಿಟ್ಟರು. ಗುರುವೂ ಶಿಷ್ಯನೂ ಹೊಲದ ಬದುವಿನ ಮೇಲೆ ಒರಗಿದ ಇಬ್ಬರು ಆಳುಗಳಂತೆ ಉಣ್ಣತೊಡಗಿದರು. ವರ್ಷಗಳ ಮೇಲೆ ಅಡಿವೆಪ್ಪ ನೋವಿಲ್ಲದ ಭಂಗಿಯಲ್ಲಿ ಒಂದು ರೊಟ್ಟಿ ಪೂರ್ತಿ ಉಂಡ.

ಇಷ್ಟಾಗುವಷ್ಟರಲ್ಲಿ ಪಂಕ್ತಿಯ ನಡುವೆ ಸರಸರ ಸಪ್ಪಳವಾಯಿತು. ನೋಡಿದರೆ ಹೊಳಿಯಪ್ಪ, ಅವನ ಪಕ್ಕದವರು, ಅತ್ತಲಿಂದ ಇಬ್ಬರು ಮುದುಕರು, ಎಲ್ಲರೂ ಭಕ್ತಿಯಿಂದ ಒಬ್ಬೊಬ್ಬರಾಗಿ ನೆಲಕ್ಕೆ ಮೈ ಚಾಚುತ್ತಿದ್ದಾರೆ!

ಅಜ್ಜನವರು ತುತ್ತನ್ನು ಎಲೆಗೆ ಹಾಕಿ ತಲೆ ಹಿಡಿದುಕೊಂಡರು. “ನೀವ್ಯಾಕ ಮಲಗಿದ್ರಿ? ಏಳ್ರೋ! ಏಳ್ರಿ ಮ್ಯಾಲಕ್ಕ! ಇನ್ನ ಇದೊಂದು ವ್ರತ ಹಿಡೀಬ್ಯಾಡ್ರಿ.”

ಶಾವಂತ್ರವ್ವನಿಗೆ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡರೂ ನಗು ಹೊರಬಂತು. ನಗುನಗುತ್ತಲೇ ಅಳು ಬಂತು. ಅಳುತ್ತಲೇ ಅಜ್ಜನವರ ಎಲೆಗೆ ನುಚ್ಚು ಬಡಿಸಿದಳು.

ಊಟವಾದ ಮೇಲೆ ಅವಳು ಹಿತ್ತಲಲ್ಲಿ ಕೈ ತೊಳೆಯುತ್ತಿರುವಾಗ ಹೊಳಿಯಪ್ಪ ಬಂದು ಹಂಡೆಯ ಮರೆಗೆ ನಿಂತ. ಅತ್ತಿತ್ತ ನೋಡಿದ. ಬೆಳಗಿನ ಆವೇಶವೆಲ್ಲ ಇಳಿದುಹೋಗಿತ್ತು.

“ಅಕ್ಕಾ, ಆ ಡಾಕ್ಟರಮ್ಮ ಯಾವ ವಾರ ಇರ್ತಾರ?”

“ಯಾಕಪ್ಪಾ?”

“ಸುಮ್ನ ಕೇಳಿದ್ನಿ.” ಅವನು ಕಾಲಬೆರಳಿನಿಂದ ಮಣ್ಣು ಕೆದರಿದ. “ದೀಪಾವಳಿಯಿಂದ ನನಗೂ ರಕ್ತ ಹೋಗಾಕತ್ತೇತಿ.”

ಬೆಳಿಗ್ಗೆಯಾಗಿದ್ದರೆ ಅವಳು ಏನು ಅನ್ನುತ್ತಿದ್ದಳೋ! ಈಗ ಮಾತ್ರ, “ಸೋಮವಾರ ನಾವು ಹೊಂಟೀವಿ. ಮೊದಲನೇ ಬಸ್ಸಿಗೆ ಬಾ. ಬರಲಿಲ್ಲಂದ್ರ ನಿನ್ನ ಅಂಗಡಿ ಮುಂದ ನಿಂತು ಕೂಗ್ತೀನಿ ನೋಡು” ಎಂದಳು. ಅವನು ಬಂದ. ಅವನದು ಬರಿಯ ಮೂಲವ್ಯಾಧಿಯೆಂದು ತಿಳಿದು ಎಂಟು ದಿನದಲ್ಲಿ ಊರಿಗೆ ಹಿಂದಿರುಗಿದ.

ಅಡಿವೆಪ್ಪನದು ಅಷ್ಟು ಸುಲಭವಾಗಲಿಲ್ಲ. ಒಂದೂವರೆ ತಿಂಗಳು ಕರೆಂಟು ಕೊಟ್ಟರು. ಚರ್ಮ ಇನ್ನಷ್ಟು ಸುಟ್ಟಂತಾಗಿ ಅವನು ಮಗುವಿನ ಹಾಗೆ ಕೂಗಿದ. ಇಬ್ಬರೂ ಒಬ್ಬರಿಗೊಬ್ಬರು ಸಾಕಾಗಿ ಹೋದರು. “ಮನೀಗೆ ಒಯ್ಯೇ” ಎಂದು ಅವನು, “ಬಾಯಿ ಮುಚ್ಚಿ ಮಲಗ್ರಿ” ಎಂದು ಅವಳು. ಕಡೆಗೆ ಆಪರೇಷನ್ ಆಯಿತು. ಒಳಗಿನ ಗಂಟು, ಸುತ್ತಲ ಕೆಟ್ಟ ಚರ್ಮ ಎಲ್ಲವನ್ನೂ ತೆಗೆದು, ತೊಡೆಯ ಚರ್ಮ ತಂದು ತೇಪೆ ಹಾಕಿದರು. ತೆಗೆದ ಭಾಗದ ಅಂಚಿನಲ್ಲಿ ರೋಗವಿಲ್ಲವೆಂದು ವರದಿ ಬಂದರೂ, “ವರ್ಷಗಟ್ಟಲೆ ಬಂದು ತೋರಿಸ್ತಾ ಇರಬೇಕು, ತಿರುಗಿ ಬರಬಹುದು” ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು.

ಆಪರೇಷನ್ ಆದ ಆರನೆಯ ದಿನ ಬೆಳಿಗ್ಗೆ ಅಡಿವೆಪ್ಪ ಲಿಂಗ ಕೇಳಿದ. ಆಪರೇಷನ್ನಿಗೆ ಒಯ್ಯುವಾಗ ಅವನ ಕೊರಳಿನಿಂದ ಬಿಚ್ಚಿದ್ದ ಲಿಂಗದ ಕರಡಿಗೆಯನ್ನು ಶಾವಂತ್ರವ್ವ ಕೊಟ್ಟಳು. ಅವನು ಮಗ್ಗುಲಾಗಿ ಮಲಗಿಯೇ ಎಡಗೈಯ ಮೇಲೆ ಲಿಂಗವನ್ನಿಟ್ಟುಕೊಂಡ. ಹೊಟ್ಟೆಯ ಮೇಲಿನ ಚೀಲವನ್ನು ಹೊದಿಕೆಯಿಂದ ಮುಚ್ಚಿದ. ಸಾಲದೆಂದು ಟವೆಲ್ಲನ್ನೂ ಮೇಲೆ ಹಾಕಿದ. ವಿಭೂತಿ ಹಚ್ಚಿದ, ಎರಡು ಹನಿ ನೀರೆರೆದ, ಕಣ್ಣು ನೆಟ್ಟ. ತುಟಿಗಳು ಅಲುಗತೊಡಗಿದವು.

ಅಷ್ಟರಲ್ಲಿ ಹೊದಿಕೆಯ ಕೆಳಗಿನ ಚೀಲ ‘ಪುರ್‌ರ್’ ಎಂದಿತು. ವಾರ್ಡಿನಲ್ಲೆಲ್ಲ ಕೇಳಿಸುವಷ್ಟು ಜೋರಾಗಿ.

ಅಡಿವೆಪ್ಪನ ತುಟಿ ನಿಂತಿತು. ಲಿಂಗವನ್ನು ಕರಡಿಗೆಗೆ ಇಡಲು ಕೈ ಸರಿಯಿತು. ಶಾವಂತ್ರವ್ವ ನೋಡುತ್ತಿದ್ದಳು. ಇಲ್ಲಿ ಕರಡಿಗೆ ಮುಚ್ಚಿದರೆ ಈ ಮನುಷ್ಯ ಮತ್ತೆ ಅದನ್ನು ತೆರೆಯುವುದಿಲ್ಲ, ಉಳಿಸಿಕೊಂಡ ಜೀವವೂ ಅದರೊಳಗೇ ಮುಚ್ಚಿಹೋಗುತ್ತದೆ ಎಂದು ಅವಳಿಗೆ ಹೊಳೆಯಿತು.

“ಜಾಗಟಿ ಬಾರಿಸಿತು ಬಿಡ್ರಿ” ಎಂದಳು ಅವಳು. “ಪೂಜಿ ನಡಸ್ರಿ.”

ಅಡಿವೆಪ್ಪ ಅವಳನ್ನೇ ಪಿಳಿಪಿಳಿ ನೋಡಿದ. ಮೊದಲು ಅವನ ಮೂಗು ಅರಳಿತು, ಆಮೇಲೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, “ಅಯ್ಯೋ ನಗಸಬ್ಯಾಡ, ನೋಯತೈತಿ” ಎಂದು ನಕ್ಕ. ಪಕ್ಕದ ಮಂಚದವರೂ ನಕ್ಕರು. ನಗು ಇಳಿಯುವವರೆಗೂ ಲಿಂಗ ಅವನ ಅಂಗೈಯಲ್ಲೇ ಇತ್ತು. ಅವನು ಕಣ್ಣೊರೆಸಿಕೊಂಡು ಮತ್ತೆ ಅದರತ್ತ ದೃಷ್ಟಿ ನೆಟ್ಟ. ಈ ಸಲ ಟವೆಲ್ಲು ಜಾರಿ ಕೆಳಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ.

ಶಾವಂತ್ರವ್ವ ಅದನ್ನು ಎತ್ತಿ ಮಡಚಿಟ್ಟಳು. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ತಲೆಯ ಮೇಲೆ ಸೆರಗೆಳೆದುಕೊಂಡು, ಗಂಡನ ಪೂಜೆ ಮುಗಿಯುವವರೆಗೆ ಕೈಮುಗಿದು ಹಾಗೆಯೇ ಇದ್ದಳು. ಅಷ್ಟು ಹೊತ್ತು ಅವಳು ಮಾತಿಲ್ಲದೆ ಕುಳಿತದ್ದನ್ನು ಅಡಿವೆಪ್ಪ ಅದುವರೆಗೆ ಕಂಡಿರಲಿಲ್ಲವಂತೆ.